ಕೆಟ್ಟು ನಿಂತ ಗಣಿತದ ರಿಪೇರಿ: ಐದನೇ ತರಗತಿಯಿಂದ ಎಂಟರವರೆಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಹತ್ತಿಪ್ಪತ್ತು ವರ್ಷ ಕಳೆದವರು ಗಣಿತವನ್ನು ಮತ್ತೆ ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಒಂದನೇ ತರಗತಿಯ ಕೂಡುವ ಲೆಕ್ಕದಿಂದ ಹೊರಟು ಬೇಸರವಾಗಿ ಬಿಡುತ್ತಾರೆ. ಇಲ್ಲವೇ ನೇರ ವರ್ಗ ಸಮೀಕರಣಕ್ಕೆ ಕೈಹಾಕಿ ಎರಡನೇ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತಾರೆ. ತೊಂದರೆ ಕಾಣಿಸುವ ಜಾಗ ಬೇರೆ, ಇರುವ ಜಾಗ ಬೇರೆ. ವರ್ಗ ಸಮೀಕರಣ ಬಿಡಿಸಲಾಗದವರ ಹಾಳೆಯನ್ನು ಸಾಲುಸಾಲಾಗಿ ನೋಡಿದರೆ, ಕೈಕೊಟ್ಟಿರುವುದು ಬಹಳ ಸಲ ಭಿನ್ನರಾಶಿ ಅಥವಾ ಋಣ ಚಿಹ್ನೆ. ಎರಡೂ ಆರು-ಏಳನೇ ತರಗತಿಯ ಸರಕು. ಹಾಗಾಗಿ ಪುಸ್ತಕ ತೆರೆಯುವ ಮೊದಲು ಪತ್ತೆ ಕೆಲಸ.

ತಪಾಸಣೆ

ಕೆಳಗಿನ ಹನ್ನೆರಡು ಲೆಕ್ಕಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಕ್ಯಾಲ್ಕುಲೇಟರ್ ಬೇಡ, ಸಮಯದ ಮಿತಿ ಬೇಡ, ಅಳಿಸುವುದು ಬೇಡ. ಮನಸ್ಸಿನಲ್ಲಿ ಮಾಡಿದ್ದನ್ನೂ ಪಕ್ಕದಲ್ಲಿ ಬರೆಯಬೇಕು. ಗೊತ್ತಿಲ್ಲದ ಸಂಖ್ಯೆಗೆ ಇಲ್ಲಿ ‘ಕ’ ಎಂದು ಬರೆದಿದೆ, ಪುಸ್ತಕದಲ್ಲಿ ಅದೇ ಎಕ್ಸ್.

1) 1000 − 387
2) 4032 ÷ 8
3) 0.3 × 0.2
4) 0.45, 0.6: ಯಾವುದು ದೊಡ್ಡದು?
5) 18 − 6 + 4
6) 8 + 4 = □ + 5
7) 3/4 + 2/5
8) 2/3 ÷ 4/9
9) −3 − 5
10) −3²
11) 2(ಕ − 3) − (ಕ − 5) = 4
12) 1000 ರೂಪಾಯಿಯ ಸಾಮಾನಿಗೆ 20% ಏರಿಸಿ, ಆ ಬೆಲೆಯ ಮೇಲೆ 20% ಇಳಿಸಿದರೆ ಎಷ್ಟು?

ಉತ್ತರಗಳು: 613, 504, 0.06, 0.6, 16, 7, 23/20, 3/2, −8, −9, 5, 960.

ಎಷ್ಟು ತಪ್ಪಾಯಿತು ಎಂಬುದಕ್ಕಿಂತ ಏನು ಬರೆದಿರಿ ಎಂಬುದು ಮುಖ್ಯ. ಎರಡನೆಯದಕ್ಕೆ 54 ಬಂದಿದ್ದರೆ ಸ್ಥಾನಬೆಲೆ ಸಡಿಲ: 40ರಲ್ಲಿ 8 ಐದು ಸಲ ಹೋಯಿತು, ಮುಂದಿನ 3ರಲ್ಲಿ 8 ಹೋಗಲಿಲ್ಲ, ಆದರೆ ಅಲ್ಲಿ ಸೊನ್ನೆ ಇಡಲಿಲ್ಲ. ಐದನೆಯದಕ್ಕೆ 8 ಬಂದಿದ್ದರೆ, ಯಾವ ಲೆಕ್ಕ ಮೊದಲು ಎಂದು ನೆನಪಿಡಲು ಕಲಿಸುವ ಬಾಡ್‌ಮಾಸ್ (BODMAS) ಅಕ್ಷರಗಳನ್ನು ಬಾಯಿಪಾಠ ಮಾಡಿ, ಕೂಡುವುದು ಕಳೆಯುವುದಕ್ಕಿಂತ ಮೊದಲು ಎಂದುಕೊಂಡಿದ್ದೀರಿ. ಕೂಡು-ಕಳೆ ಒಂದೇ ದರ್ಜೆ, ಗುಣಿಸು-ಭಾಗಿಸು ಒಂದೇ ದರ್ಜೆ. ಒಂದೇ ದರ್ಜೆಯವು ಎಡದಿಂದ ಬಲಕ್ಕೆ ನಡೆಯುತ್ತವೆ. 24 ÷ 4 × 2 ಕೂಡ ಅದೇ ಕಾರಣಕ್ಕೆ 12, 3 ಅಲ್ಲ.

ಆರನೆಯದಕ್ಕೆ 12 ಎಂದು ಬರೆದವರಿಗೆ = ಚಿಹ್ನೆ ‘ಈಗ ಉತ್ತರ ಹೇಳು’ ಎಂಬ ಗುಂಡಿಯಾಗಿದೆ. ಎಡ ಬಲ ಎರಡೂ ಒಂದೇ ಬೆಲೆ ಎಂಬ ಅರ್ಥ ಕೂತಿಲ್ಲ. ನೋಡಲು ಇದು ಸಣ್ಣದು. ಆದರೆ ಬೀಜಗಣಿತದಲ್ಲಿ ಎಲ್ಲಕ್ಕಿಂತ ದುಬಾರಿ ಬೀಳುವುದು ಇದೇ. ಒಂಬತ್ತನೆಯದಕ್ಕೆ +8, ಹನ್ನೊಂದನೆಯದಕ್ಕೆ 15 ಬಂದಿದ್ದರೆ ಎರಡಕ್ಕೂ ಮೂಲ ಋಣ ಚಿಹ್ನೆ.

ಮೊದಲ ನಾಲ್ಕರಲ್ಲಿ ಒಂದು ತಪ್ಪಿದರೂ ಐದನೇ ತರಗತಿಯ ಪುಸ್ತಕದಿಂದ ಹೊರಡಿ. ಅವು ಸರಿಯಿದ್ದು 5ರಿಂದ 10ರೊಳಗೆ ತಪ್ಪಿದ್ದರೆ ಆರನೆಯದು. ಕೊನೆಯ ಎರಡು ಮಾತ್ರ ತಪ್ಪಿದ್ದರೆ ಏಳನೆಯದು ಸಾಕು. ಸರಿ ಉತ್ತರ ಬಂದು, ಅದು ಏಕೆ ಸರಿ ಎಂದು ಒಂದು ಸಾಲು ಬರೆಯಲಾಗದಿದ್ದರೆ ತಪ್ಪಿನ ಲೆಕ್ಕಕ್ಕೇ ಸೇರಿಸಿ. ಎಂಟನೆಯದರಂಥ ಭಿನ್ನರಾಶಿ ಭಾಗಾಕಾರಕ್ಕೆ ‘ತಿರುಗಿಸಿ ಗುಣಿಸು’ ಎಂದಷ್ಟೇ ಗೊತ್ತಿರುವವರಿಗೆ ಎರಡರಲ್ಲಿ ಯಾವುದನ್ನು ತಿರುಗಿಸಬೇಕು ಎಂಬುದು ಬೇಗ ಮರೆಯುತ್ತದೆ.

ಸಾಮಾನು

200 ಪುಟದ ಉದ್ದ ನೋಟ್‌ಬುಕ್ ಎರಡು. ಚೌಕದ ಗೆರೆಯ ನೋಟ್‌ಬುಕ್ ಒಂದು. ಸ್ಟೇಷನರಿ ಅಂಗಡಿಯಲ್ಲಿ ಸ್ಕ್ವೇರ್ ರೂಲ್ಡ್ ಎಂದರೆ ಕೊಡುತ್ತಾರೆ. ಸ್ಕೇಲು, ಪೆನ್ನು, ಹಳೆಯ ವಿಸಿಟಿಂಗ್ ಕಾರ್ಡು ಅಥವಾ ತೆಳು ರಟ್ಟಿನ 30 ತುಂಡು. ರಬ್ಬರು ಬೇಡ. ತಪ್ಪಿದ ಸಾಲಿನ ಮೇಲೆ ಒಂದೇ ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯಬೇಕು. ಅಳಿಸಿದ ತಪ್ಪು ನಾಳೆ ಮತ್ತೆ ಬಂದಾಗ ಗುರುತು ಸಿಗುವುದಿಲ್ಲ.

ಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. 5ರಿಂದ 8ರವರೆಗಿನವನ್ನು ಇಳಿಸಿಕೊಳ್ಳಿ. ಖಾನ್ ಅಕಾಡೆಮಿಯಲ್ಲೂ ಕನ್ನಡದ ಪಾಠಗಳಿವೆ. ವಿಡಿಯೊ ನೋಡುವುದರಲ್ಲಿ ಒಂದು ಮೋಸ ಇದೆ: ಬೇರೆಯವರು ಬಿಡಿಸುವುದನ್ನು ನೋಡುವಾಗ ಪ್ರತಿ ಸಾಲೂ ಸಲೀಸು ಅನ್ನಿಸುತ್ತದೆ, ಖಾಲಿ ಹಾಳೆ ಮುಂದಿಟ್ಟರೆ ಮೊದಲ ಸಾಲೇ ಹೊಳೆಯುವುದಿಲ್ಲ. ನೋಡಿದ ಲೆಕ್ಕವನ್ನು ಪರದೆ ಮುಚ್ಚಿ ತಾನೇ ಬರೆದ ಮೇಲಷ್ಟೇ ಅದು ನೋಡಿದ ಲೆಕ್ಕಕ್ಕೆ ಸೇರುತ್ತದೆ.

ಕ್ಯಾಲ್ಕುಲೇಟರ್ ತಾಳೆ ನೋಡಲು ಮಾತ್ರ. ಅಂಗಡಿ ಗಲ್ಲಾದ ಮೇಲಿರುವ ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ 2 + 3 × 4 ಒತ್ತಿದರೆ 20 ಬರುತ್ತದೆ, ಏಕೆಂದರೆ ಒತ್ತಿದ ಕ್ರಮದಲ್ಲೇ ಅದು ಲೆಕ್ಕ ಮುಗಿಸುತ್ತಾ ಹೋಗುತ್ತದೆ. ಸೈಂಟಿಫಿಕ್‌ನಲ್ಲಿ 14. ಸರಿ 14.

ಮಗ್ಗಿ

ಮಗ್ಗಿ ಬರುವುದೇ ಇಲ್ಲ ಎನ್ನುವವರು ಕಡಿಮೆ. ‘ಎಂಟೊಂದ್ಲ ಎಂಟು, ಎಂಟೆರಡ್ಲ ಹದಿನಾರು’ ಎಂದು ರಾಗವಾಗಿ ಶುರು ಮಾಡಿದರೆ ಕೊನೆಯವರೆಗೂ ಹೋಗುತ್ತದೆ. ದೋಷ ಇರುವುದು ನಡುವೆ ಇಳಿಯಲು ಆಗದಿರುವುದರಲ್ಲಿ. ‘ಎಂಟೇಳ್ಲ’ ಎಂದು ಕೇಳಿದರೆ ಮತ್ತೆ ಎಂಟೊಂದ್ಲದಿಂದ ಹತ್ತಬೇಕು, ಅಷ್ಟರಲ್ಲಿ ಕೈಯಲ್ಲಿದ್ದ ಭಾಗಾಕಾರದ ಎಳೆ ತಪ್ಪಿಹೋಗುತ್ತದೆ.

2ರಿಂದ 9ರವರೆಗೆ ಒಟ್ಟು 64 ಗುಣಲಬ್ಧಗಳು. 7 × 8 ಮತ್ತು 8 × 7 ಒಂದೇ ಆದ್ದರಿಂದ ಉಳಿಯುವುದು 36. ಎರಡರ ಮತ್ತು ಐದರ ಮಗ್ಗಿ ಹೇಗೂ ಬರುತ್ತದೆ, ತೆಗೆಯಿರಿ. ಒಂಬತ್ತರದ್ದಕ್ಕೆ ಹತ್ತರಿಂದ ಒಂದು ಪಾಲು ಕಳೆದರಾಯಿತು: 9 × 7 ಎಂದರೆ 70 − 7. ಇಷ್ಟು ಬಿಟ್ಟರೆ ನಿಜವಾಗಿ ಬಾಯಿಪಾಠ ಮಾಡಬೇಕಾದದ್ದು 15 ಮಾತ್ರ: 3, 4, 6, 7, 8 ಇವುಗಳ ನಡುವಿನವು. 15 ರಟ್ಟಿಗೆ ಒಂದು ಬದಿ ‘7 × 8’, ಹಿಂದೆ ‘56’. ಇನ್ನು 15ಕ್ಕೆ ‘56 ÷ 7’, ಹಿಂದೆ ‘8’. ಕಲಸಿ ಒಂದೊಂದೇ ತೆಗೆಯಿರಿ. ಮೂರು ಸೆಕೆಂಡಿನಲ್ಲಿ ಬಾರದ್ದು ಬೇರೆ ಕಟ್ಟಿಗೆ. ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಕೊನೆಗೆ ಹಟ ಹಿಡಿದು ಉಳಿಯುವುದು ಹೆಚ್ಚಾಗಿ 6 × 7, 6 × 8, 7 × 8.

ಸ್ಥಾನಬೆಲೆ, ಚುಕ್ಕಿ, ಎಕರೆ-ಗುಂಟೆ

ದಶಮಾಂಶ ಕಲಿಸಲು ಪುಸ್ತಕಗಳು ರೂಪಾಯಿ-ಪೈಸೆ ಹಿಡಿಯುತ್ತವೆ. ಅದರಲ್ಲಿ ತಪ್ಪುವವರು ಕಡಿಮೆ, ಹಾಗಾಗಿ ದೋಷವೂ ಹೊರಬರುವುದಿಲ್ಲ. ಪಹಣಿ ಹಿಡಿದು ಕೂತರೆ ಬರುತ್ತದೆ.

ಪಹಣಿಯಲ್ಲಿ ವಿಸ್ತೀರ್ಣ 2.15 ಎಂದು ಅಚ್ಚಾಗಿದ್ದರೆ ಅದು 2 ಎಕರೆ 15 ಗುಂಟೆ. 40 ಗುಂಟೆಗೆ ಒಂದು ಎಕರೆ. 15 ಗುಂಟೆ ಎಂದರೆ 15/40, ಅಂದರೆ 0.375 ಎಕರೆ. ಒಟ್ಟು 2.375 ಎಕರೆ. ಕ್ಯಾಲ್ಕುಲೇಟರ್‌ನಲ್ಲಿ 2.15 ಒತ್ತಿ ಎಕರೆಯ ದರದಿಂದ ಗುಣಿಸಿದರೆ, ಅದು 2 ಎಕರೆ 6 ಗುಂಟೆಯ ಬೆಲೆ. 9 ಗುಂಟೆಯ ದುಡ್ಡು ಲೆಕ್ಕದಿಂದ ಜಾರಿಹೋಯಿತು. ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, ಎರಡು ಅಳತೆಗಳ ನಡುವಿನ ಗಡಿ. ಕ್ರಿಕೆಟ್‌ನ 12.4 ಓವರ್ ಕೂಡ ಇಂಥದ್ದೇ: 12 ಓವರ್, ಆಮೇಲೆ ಆರರಲ್ಲಿ ನಾಲ್ಕು ಎಸೆತ.

ಇದರಲ್ಲೇ ಕೂಡುವ-ಕಳೆಯುವ ಅಭ್ಯಾಸ ಮಾಡಿ. 1 ಎಕರೆ 28 ಗುಂಟೆಗೆ 2 ಎಕರೆ 25 ಗುಂಟೆ ಕೂಡಿದರೆ 3 ಎಕರೆ 53 ಗುಂಟೆ. 40 ಆದೊಡನೆ ಒಂದು ಎಕರೆ ಎಡಕ್ಕೆ ಹೋಗುತ್ತದೆ, 4 ಎಕರೆ 13 ಗುಂಟೆ. 5 ಎಕರೆ 10 ಗುಂಟೆಯಿಂದ 2 ಎಕರೆ 35 ಗುಂಟೆ ಕಳೆಯಲು ಒಂದು ಎಕರೆ ಒಡೆದು 4 ಎಕರೆ 50 ಗುಂಟೆ ಮಾಡಿಕೊಂಡರೆ 2 ಎಕರೆ 15 ಗುಂಟೆ. ಶಾಲೆಯಲ್ಲಿ ‘ದಶಕ’ ಎಂದು ತಲೆಯ ಮೇಲೆ ಬರೆಯುತ್ತಿದ್ದ ಪುಟ್ಟ 1 ಇದೇ, ಅಲ್ಲಿ ಹತ್ತಕ್ಕೆ, ಇಲ್ಲಿ ನಲವತ್ತಕ್ಕೆ. ಆಣೆಯವರೆಗೂ ಹೋಗುವ ಹುಮ್ಮಸ್ಸಿದ್ದರೆ 16 ಆಣೆಗೆ ಒಂದು ಗುಂಟೆ. ಇಂಥ ಹತ್ತು ಲೆಕ್ಕ ಮುಗಿಸಿ 1000 − 387ಕ್ಕೆ ಬಂದರೆ, ಒಂದು ಸಾವಿರ ಒಡೆದು 9 ನೂರು, 9 ಹತ್ತು, 10 ಬಿಡಿ ಆಗುವುದು ಕಣ್ಣಿಗೆ ಕಾಣುತ್ತದೆ.

0.3 × 0.2ಕ್ಕೆ ಚೌಕದ ಪುಸ್ತಕ. 10 × 10 ಚೌಕದ ಒಂದು ಕಟ್ಟು ಪೂರ್ಣ ಒಂದು. ಅಡ್ಡಕ್ಕೆ 3, ಉದ್ದಕ್ಕೆ 2 ಗುರುತು ಮಾಡಿದರೆ ಸಿಕ್ಕುವುದು 6 ಚೌಕ, ನೂರರಲ್ಲಿ ಆರು. 0.06.

ಭಿನ್ನರಾಶಿ

ಒಟ್ಟು ಸಮಯದ ಮೂರನೇ ಒಂದು ಪಾಲು ಇಲ್ಲಿಗೆ ಕೊಡಿ. ಇಲ್ಲಿ ಅವಸರ ಮಾಡಿದವರು ಶೇಕಡಾ, ಅನುಪಾತ, ಸಮೀಕರಣ ಮೂರರಲ್ಲೂ ಹಿಂದಕ್ಕೆ ಬರಬೇಕಾಗುತ್ತದೆ.

3/4 + 2/5 = 5/9 ಎಂದು ಬರೆದವರು ಬೆಲೆ ಅಂದಾಜು ಮಾಡಿಲ್ಲ. ಮುಕ್ಕಾಲಿಗೆ ಏನೋ ಕೂಡಿದರೆ ಅರ್ಧದ ಆಸುಪಾಸಿಗೆ ಇಳಿಯುವುದು ಹೇಗೆ? ಪ್ರತಿ ಭಿನ್ನರಾಶಿ ಲೆಕ್ಕದ ಪಕ್ಕದಲ್ಲೂ ಮೊದಲು ‘ಒಂದಕ್ಕಿಂತ ಹೆಚ್ಚೋ ಕಡಿಮೆಯೋ’ ಎಂದು ಬರೆಯುವ ರೂಢಿ ಇಟ್ಟುಕೊಳ್ಳಿ.

ಈಗ ಚೌಕದ ಪುಸ್ತಕದಲ್ಲಿ 20 ಚೌಕ ಉದ್ದದ ಒಂದು ಪಟ್ಟಿ ಎಳೆಯಿರಿ, ಅದು ಪೂರ್ಣ ಒಂದು. 20 ಏಕೆಂದರೆ ಅದು 4ರಿಂದಲೂ 5ರಿಂದಲೂ ಭಾಗವಾಗುತ್ತದೆ. 3/4 ಎಂದರೆ 15 ಚೌಕ, 2/5 ಎಂದರೆ 8 ಚೌಕ. ಒಟ್ಟು 23, ಪಟ್ಟಿ ದಾಟಿ 3 ಚೌಕ ಆಚೆಗೆ. 23/20. ಛೇದ ಎಂದರೆ ಚೌಕದ ಅಳತೆ, ಅಂಶ ಎಂದರೆ ಅಂಥ ಚೌಕ ಎಷ್ಟು. ಅಳತೆ ಒಂದೇ ಆಗುವವರೆಗೆ ಎಣಿಸಿ ಕೂಡುವಂತಿಲ್ಲ. 5/12 + 7/18ಕ್ಕೆ 12 × 18 = 216 ಚೌಕದ ಪಟ್ಟಿ ಬೇಕಿಲ್ಲ, ಲ.ಸಾ.ಅ., ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 36 ಸಾಕು: 15/36 + 14/36 = 29/36. ಛೇದಗಳ ಲ.ಸಾ.ಅ. ಹಿಡಿಯುವ ಈ ರೀತಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲೇ ಇದೆ.

ಗುಣಾಕಾರಕ್ಕೆ ಪಟ್ಟಿಯ ಬದಲು ಆಯತ. 4 × 5 ಚೌಕದ ಆಯತ ಪೂರ್ಣ ಒಂದು. ಒಂದು ಬದಿಗೆ 3, ಇನ್ನೊಂದಕ್ಕೆ 2 ಹಿಡಿದರೆ 20ರಲ್ಲಿ 6. ಅದೇ 3/4 × 2/5.

ಭಾಗಾಕಾರವನ್ನು ‘ಎಷ್ಟು ಸಲ ಹಿಡಿಸುತ್ತದೆ’ ಎಂದು ಓದಿ. 2/3 ÷ 4/9ಕ್ಕೆ 9 ಚೌಕದ ಪಟ್ಟಿ. 2/3 ಎಂದರೆ 6 ಚೌಕ, 4/9 ಎಂದರೆ 4 ಚೌಕ. ಆರು ಚೌಕದಲ್ಲಿ ನಾಲ್ಕು ಚೌಕದ ತುಂಡು ಒಂದೂವರೆ ಸಲ. 3/2. ಛೇದ ಒಂದೇ ಆದಮೇಲೆ ಉಳಿಯುವುದು ಅಂಶಗಳ ಭಾಗಾಕಾರ ಮಾತ್ರ. ಹಾಗೆ ಛೇದ ಒಂದು ಮಾಡುವಾಗ 2ನ್ನು 9ರಿಂದ, 4ನ್ನು 3ರಿಂದ ಗುಣಿಸಬೇಕಾಗುತ್ತದೆ: 18 ÷ 12. ‘ತಿರುಗಿಸಿ ಗುಣಿಸು’ ಅದರ ಅಡ್ಡದಾರಿ, ಬೇರೆ ಮಂತ್ರವೇನಿಲ್ಲ.

ಇಲ್ಲಿ ಪದೇ ಪದೇ ಕಾಣುವ ಇನ್ನೊಂದು ತಪ್ಪು, ಓರೆ ಗುಣಾಕಾರವನ್ನು ಎಲ್ಲ ಕಡೆ ಪ್ರಯೋಗಿಸುವುದು. 2/3 × 4/5ಕ್ಕೆ ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಓರೆಯಾಗಿ ಗುಣಿಸಿ (2 × 5, 3 × 4) 10/12 ಎಂದು ಬರೆಯುತ್ತಾರೆ. ಓರೆ ಗುಣಾಕಾರ ನಡೆಯುವುದು ನಡುವೆ = ಇದ್ದಾಗ ಮಾತ್ರ, ಏಕೆಂದರೆ ಅದು ಎರಡೂ ಪಕ್ಕವನ್ನು ಎರಡೂ ಛೇದಗಳಿಂದ ಗುಣಿಸಿದ್ದರ ಫಲ. ಇಲ್ಲಿ ಎರಡು ಪಕ್ಕಗಳೇ ಇಲ್ಲ.

ಶೇಕಡಾಕ್ಕೆ ಬೇರೆ ಪಾಠ ಬೇಡ. 20% ಏರಿಕೆ ಎಂದರೆ 1.2ರಿಂದ ಗುಣಿಸುವುದು, 20% ಇಳಿಕೆ ಎಂದರೆ 0.8ರಿಂದ. 1.2 × 0.8 = 0.96. ಸಾವಿರಕ್ಕೆ 960 ಬಂದದ್ದು ಹೀಗೆ.

ಋಣ ಚಿಹ್ನೆ

‘ಋಣ ಋಣ ಧನ’ ಎಂಬ ಬಾಯಿಪಾಠವೇ ಅರ್ಧ ತೊಂದರೆ. ಅದು ಗುಣಾಕಾರದ್ದು. −3 − 5ರಲ್ಲಿ ಗುಣಾಕಾರ ಎಲ್ಲಿದೆ? ಮೂರು ರೂಪಾಯಿ ಸಾಲದ ಮೇಲೆ ಇನ್ನೈದು ಸಾಲ, −8. ಎರಡು ವಾರ ಆ ಬಾಯಿಪಾಠವನ್ನು ಬಾಯಿಗೇ ತರದೆ, ಸಂಖ್ಯಾರೇಖೆಯ ಮೇಲೆ ಕೂಡು-ಕಳೆ ಮಾತ್ರ ಮಾಡಿ.

ಆಮೇಲೆ ಗುಣಾಕಾರ. ಒಂದರ ಕೆಳಗೊಂದು ಬರೆಯಿರಿ: 3 × (−5) = −15, 2 × (−5) = −10, 1 × (−5) = −5, 0 × (−5) = 0. ಪ್ರತಿ ಸಾಲಿಗೂ 5 ಏರುತ್ತಿದೆ. ಮುಂದಿನ ಸಾಲು (−1) × (−5) = 5 ಆಗಲೇಬೇಕು. ಸಾಲು ನೋಡಿ ಒಪ್ಪದವರಿಗೆ ವಿತರಣಾ ನಿಯಮ: 5 + (−5) ಸೊನ್ನೆ, ಅದನ್ನು −1ರಿಂದ ಗುಣಿಸಿದರೂ ಸೊನ್ನೆ, ಅದರಲ್ಲಿ ಒಂದು ಪಾಲು −5, ಇನ್ನೊಂದು ಪಾಲು +5 ಆಗದೆ ಸೊನ್ನೆ ಬರುವುದಿಲ್ಲ.

−3² ಎಂದರೆ ಮೊದಲು 3ರ ವರ್ಗ, ಆಮೇಲೆ ಋಣ: −9. ಋಣಸಮೇತ ವರ್ಗ ಬೇಕಿದ್ದರೆ (−3)² ಎಂದು ಆವರಣ ಹಾಕಬೇಕು. ಎಕ್ಸೆಲ್‌ನಲ್ಲಿ =-3^2 ಎಂದು ಹೊಡೆದರೆ 9 ಬರುತ್ತದೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ -3**2 ಎಂದರೆ −9. ಎಕ್ಸೆಲ್ ತನ್ನದೇ ಕ್ರಮ ಹಿಡಿದಿದೆ. ಅಲ್ಲಿ ತಾಳೆ ನೋಡುವವರು ಆವರಣ ಹಾಕಿಯೇ ಹೊಡೆಯಬೇಕು.

ಆವರಣದ ಹಿಂದಿನ ಋಣ ಒಳಗಿನ ಪ್ರತಿ ಪದಕ್ಕೂ ಹೋಗುತ್ತದೆ. −(ಕ − 5) ಬಿಡಿಸುವಾಗ ಮೊದಲ ಪದಕ್ಕೆ ಹೋಗಿ ಎರಡನೆಯದನ್ನು ಬಿಟ್ಟರೆ −ಕ − 5. ಹನ್ನೊಂದನೇ ಲೆಕ್ಕಕ್ಕೆ 15 ಬರುವುದು ಹೀಗೆ. ಸರಿಯಾದದ್ದು −ಕ + 5. ಸ್ವಲ್ಪ ದಿನ −1(ಕ − 5) ಎಂದು ಆ ಒಂದನ್ನು ಬರೆದೇ ಬಿಡಿಸಿದರೆ ಇದು ತಾನಾಗಿ ನಿಲ್ಲುತ್ತದೆ.

ಸಮೀಕರಣ

ಪಕ್ಷಾಂತರ ಮಾಡಿದರೆ, ಅಂದರೆ ಪದವನ್ನು = ಚಿಹ್ನೆಯ ಆಚೆಗೆ ದಾಟಿಸಿದರೆ, ಚಿಹ್ನೆ ಬದಲಾಗುತ್ತದೆ ಎಂದು ಕಲಿತವರು 3ಕ + 7 = 22ರಲ್ಲಿ 7ನ್ನು ಸರಿಯಾಗಿ ದಾಟಿಸಿ 3ಕ = 15 ಮಾಡುತ್ತಾರೆ. ಮುಂದೆ 3ನ್ನೂ ಅದೇ ಗುಂಗಿನಲ್ಲಿ ದಾಟಿಸಿ ಕ = 15 − 3 = 12 ಎನ್ನುತ್ತಾರೆ. ಸದ್ಯಕ್ಕೆ ದಾಟಿಸುವುದನ್ನೇ ಬಿಡಿ. ಎರಡೂ ಪಕ್ಕದಿಂದ 7 ಕಳೆದೆ, ಎರಡೂ ಪಕ್ಕವನ್ನು 3ರಿಂದ ಭಾಗಿಸಿದೆ ಎಂದು ಬಲ ಅಂಚಿನಲ್ಲಿ ಬರೆಯುತ್ತಾ ಹೋಗಿ. ಒಂದು ಸಾಲಿಗೆ ಒಂದೇ =, ಅವೆಲ್ಲ ಒಂದರ ಕೆಳಗೊಂದು ಸಾಲಾಗಿ. 5 × 4 = 20 + 3 = 23 ಎಂಬ ರೈಲು ಬರವಣಿಗೆ ಬಿಲ್ಲಿನ ಹಿಂಬದಿಯಲ್ಲಿ ನಡೆಯುತ್ತದೆ, ಇಲ್ಲಿ ನಡೆಯದು.

ಬಂದ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡಿ. 12 ಹಾಕಿದರೆ 43, 5 ಹಾಕಿದರೆ 22. ಅರ್ಧ ನಿಮಿಷವೂ ಬೇಕಿಲ್ಲ, ಹಿಂಬದಿ ಪುಟದ ಉತ್ತರವೂ ಬೇಕಿಲ್ಲ.

‘ಹೊಡೆದುಹಾಕುವುದು’ ಇನ್ನೊಂದು ಗುಂಡಿ. (ಕ + 6)/(ಕ + 3)ರಲ್ಲಿ ಮೇಲೂ ಕೆಳಗೂ ಇರುವ ‘ಕ’ಗಳನ್ನು ಹೊಡೆದು 6/3 = 2 ಎನ್ನುತ್ತಾರೆ. ಹೊಡೆಯಬಹುದಾದದ್ದು ಇಡೀ ಅಂಶಕ್ಕೂ ಇಡೀ ಛೇದಕ್ಕೂ ಗುಣಿಸಿಕೊಂಡಿರುವ ಅಪವರ್ತನವನ್ನು, ಕೂಡಿಕೊಂಡಿರುವುದನ್ನಲ್ಲ. ಅನುಮಾನ ಬಂದಾಗ ಸಂಖ್ಯೆ ಹಾಕಿ ಪರೀಕ್ಷಿಸಿ, ಆದರೆ 0, 1, 2 ಬೇಡ. ಇಲ್ಲಿ ಕ = 0 ಹಾಕಿದರೆ 6/3 ಬಂದು ತಪ್ಪೇ ಸರಿಯಂತೆ ಕಾಣುತ್ತದೆ; ಕ = 3 ಹಾಕಿದರೆ 9/6, ಒಂದೂವರೆ, ಬಣ್ಣ ಬಯಲು.

ಕ² = 5ಕ ಎಂಬಲ್ಲಿ ಎರಡೂ ಪಕ್ಕವನ್ನು ‘ಕ’ದಿಂದ ಭಾಗಿಸಿ ಕ = 5 ಎಂದು ನಿಲ್ಲಿಸಿದರೆ ಕ = 0 ಎಂಬ ಉತ್ತರ ಕಳೆದುಹೋಯಿತು. ‘ಕ’ ಸೊನ್ನೆಯಾಗಿದ್ದರೆ ಆ ಭಾಗಾಕಾರಕ್ಕೆ ಅರ್ಥವೇ ಇಲ್ಲ: 6 ÷ 0 ಏನೇ ಆಗಿರಲಿ, ಅದನ್ನು ಸೊನ್ನೆಯಿಂದ ಗುಣಿಸಿದರೆ 6 ಬರಬೇಕು, ಅಂಥ ಸಂಖ್ಯೆಯಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಮಹಾವೀರಾಚಾರ್ಯನೇ ಬರೆದಿದ್ದಾನೆ, ಹಾಗಾಗಿ ಇಲ್ಲಿ ಎಡವಿದವರು ನಾಚಬೇಕಿಲ್ಲ. ಎಲ್ಲವನ್ನೂ ಒಂದು ಪಕ್ಕಕ್ಕೆ ತಂದು ಕ(ಕ − 5) = 0 ಮಾಡಿದರೆ ಎರಡೂ ಉತ್ತರ ಉಳಿಯುತ್ತವೆ.

ತಪ್ಪಿನ ಪುಸ್ತಕ

ಎರಡನೇ ಉದ್ದ ನೋಟ್‌ಬುಕ್ ಇದಕ್ಕೆ. ಪುಟಕ್ಕೆ ನಾಲ್ಕು ಕಾಲಂ: ಲೆಕ್ಕ, ತಪ್ಪಿದ ಸಾಲು (ಇಡೀ ಲೆಕ್ಕವಲ್ಲ, ಆ ಒಂದು ಸಾಲು), ಸರಿಯಾದ ಸಾಲು, ಜಾತಿ. ಜಾತಿ ಮೂರೇ: ಓದಿದ್ದೇ ತಪ್ಪು, ನಿಯಮ ತಪ್ಪು, ಕೈತಪ್ಪು. ‘ಕೈತಪ್ಪು’ ಎಂದು ಬರೆದದ್ದೇ ಮೂರನೇ ಸಲ ಬಂದರೆ ಅದನ್ನು ನಿಯಮ ತಪ್ಪು ಎಂದು ತಿದ್ದಿ. ಪ್ರತಿ ತಪ್ಪನ್ನೂ ಮರುದಿನ, ಮೂರನೇ ದಿನ, ವಾರಕ್ಕೆ, ಮೂರು ವಾರಕ್ಕೆ ಹೊಸದಾಗಿ ಬಿಡಿಸಬೇಕು.

ದಿನಕ್ಕೆ 40 ನಿಮಿಷ ಸಾಕು: ರಟ್ಟು 5, ಹಳೆಯ ತಪ್ಪು 10, ಹೊಸದು 25. ಹೊಸದರಲ್ಲಿ ಸಿಕ್ಕಿಕೊಂಡರೆ ಹತ್ತು ನಿಮಿಷವಾದರೂ ಒದ್ದಾಡಿ, ಆಮೇಲೆ ಬಿಡಿಸಿದ್ದನ್ನು ನೋಡಿ. ವಾರಕ್ಕೊಂದು ದಿನ ಬೇರೆ ಬೇರೆ ಪಾಠಗಳಿಂದ ಹತ್ತು ಲೆಕ್ಕ ಕಲಸಿ ಬಿಡಿಸಿ. ‘ಅಭ್ಯಾಸ 7.3’ ಎಂಬ ತಲೆಬರಹದ ಕೆಳಗೆ ಯಾವ ರೀತಿ ಹಿಡಿಯಬೇಕೆಂದು ತಲೆಬರಹವೇ ಹೇಳಿಬಿಡುತ್ತದೆ, ಕಲಸಿದಾಗ ಅದನ್ನು ತಾನೇ ಆರಿಸಬೇಕು. ಹತ್ತಕ್ಕೆ ಒಂಬತ್ತು ಬಂದರೆ ಮುಂದಿನ ಪಾಠ.

ಓಡಿಸಿ ನೋಡುವುದು

ಎಂಟನೆಯದು ಮುಗಿಯುವಾಗ ಎಲ್ಲ ಭಾಗಗಳೂ ಒಟ್ಟಿಗೆ ಕೆಲಸ ಮಾಡುತ್ತವೆಯೇ ನೋಡಲು ಸಾಲದ ಕಂತು ಹಿಡಿಯಿರಿ. 1,00,000 ರೂಪಾಯಿ, ವರ್ಷಕ್ಕೆ 12%, 12 ತಿಂಗಳು. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ತಿಂಗಳಿಗೆ 1%. 1.01ನ್ನು ಹನ್ನೆರಡು ಸಲ ಗುಣಿಸಿದರೆ 1.126825. ಕಂತು = 1000 × 1.126825 ÷ 0.126825 = 8,884.88. ಇಲ್ಲಿ 1000 ಎಂದರೆ ಇಡೀ ಲಕ್ಷದ ಒಂದು ತಿಂಗಳ ಬಡ್ಡಿ, 0.126825 ಎಂದರೆ 1.126825 − 1.

ಈಗ ಕೋಷ್ಟಕ ಕೈಯಲ್ಲೇ. ಮೊದಲ ತಿಂಗಳು ಬಡ್ಡಿ 1,000, ಅಸಲಿಗೆ 7,884.88, ಉಳಿದದ್ದು 92,115.12. ಎರಡನೇ ತಿಂಗಳು ಬಡ್ಡಿ 921.15, ಅಸಲಿಗೆ 7,963.73, ಉಳಿದದ್ದು 84,151.39. ಮೂರನೆಯದು: 841.51, 8,043.37, 76,108.02. ಹೀಗೆ ಹನ್ನೆರಡು ಸಾಲು. ಒಟ್ಟು ಬಡ್ಡಿ ಸುಮಾರು 6,619.

ಅದೇ ಸಾಲಕ್ಕೆ ‘ಫ್ಲಾಟ್ 12%’ ಎಂದರೆ, ಅಸಲು ಕರಗುತ್ತಿದ್ದರೂ ಇಡೀ ಲಕ್ಷದ ಮೇಲೆ ಬಡ್ಡಿ 12,000, ಕಂತು 9,333.33. ಉಳಿದ ಅಸಲಿನ ಲೆಕ್ಕಕ್ಕೆ ಇಳಿಸಿದರೆ ಇದು ವರ್ಷಕ್ಕೆ 21%ಗೂ ಮೇಲೆ. ಊರ ಮಾತಿನಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24%. ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಬಂದರೆ ಶೇಕಡಾ, ದಶಮಾಂಶ, ಘಾತ, ಸೂತ್ರಕ್ಕೆ ಬೆಲೆ ತುಂಬುವುದು ನಾಲ್ಕೂ ಸರಿಯಾಗಿವೆ.

ಹನ್ನೆರಡನೇ ಸಾಲಿನಲ್ಲಿ ಒಂದೆರಡು ಪೈಸೆ ಹೆಚ್ಚುಕಡಿಮೆ ಉಳಿದರೆ ಹುಡುಕಬೇಡಿ, ಪ್ರತಿ ಸಾಲಲ್ಲೂ ಪೈಸೆಗೆ ದುಂಡು ಮಾಡಿದ್ದರ ಫಲ ಅದು. ರೂಪಾಯಿ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾವುದೋ ಸಾಲಲ್ಲಿ ಕಳೆಯುವುದು ತಪ್ಪಿದೆ. ಪ್ರತಿ ಸಾಲಲ್ಲೂ ಬಡ್ಡಿ ಮತ್ತು ಅಸಲು ಕೂಡಿದರೆ 8,884.88 ಬರಬೇಕು, ಅಸಲಿನ ಪಾಲು ಹಿಂದಿನ ಸಾಲಿನದಕ್ಕಿಂತ 1% ಏರಿರಬೇಕು. ಅದು ಮುರಿದ ಮೊದಲ ಸಾಲೇ ತಪ್ಪಿನ ಪುಸ್ತಕಕ್ಕೆ ಹೋಗಬೇಕಾದದ್ದು.